−ಕ್ಷ² ಗೆ −3 ಹಾಕಿದರೆ ಬರೋದು 9 ಆ, −9 ಆ? ಮನೇಲಿ ಎರಡು ಪಕ್ಷ ಆಗಿದೆ

ತುಂಗಾತೀರ · ರಾತ್ರಿ 8:42

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಸೋಮವಾರದ ಕಿರುಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಈ ಲೆಕ್ಕ ಬಂದಿತ್ತು:

ಪ(ಕ್ಷ) = −ಕ್ಷ² − 4ಕ್ಷ + 3 ಆದರೆ ಪ(−3) ರ ಬೆಲೆ ಕಂಡುಹಿಡಿಯಿರಿ.

(ಎಕ್ಸ್ ಹಾಕೋಕೆ ಪ್ರತಿ ಸಲ ಕೀಬೋರ್ಡ್ ಬದಲಾಯಿಸಿ ಬದಲಾಯಿಸಿ ಸಾಕಾಯ್ತು. ಕ್ಷ-ಕಿರಣದ ಕ್ಷ ಅಂತ ಓದಿಕೊಳ್ಳಿ.)

ಅವಳು ಬರೆದದ್ದು ಇದ್ದ ಹಾಗೇ ಹಾಕ್ತೀನಿ:

ಪ(−3) = −−3² − 4 × −3 + 3
= 9 + 12 + 3
= 24

ಮೇಷ್ಟ್ರು 9ರ ಸುತ್ತ ಕೆಂಪು ಇಂಕಿನಲ್ಲಿ ಸುತ್ತಿ ಅರ್ಧ ಅಂಕ ಕೊಟ್ಟಿದ್ದಾರೆ. ಉತ್ತರ 6 ಅಂತೆ.

ನಾನು ಲೆಕ್ಕಪತ್ರದ ಕೆಲಸದವಳು, ದಿನಾ ಸ್ಪ್ರೆಡ್‌ಶೀಟಿನ ಮುಂದೆಯೇ ಇರ್ತೀನಿ. ಮಗಳ ಸಪ್ಪೆ ಮುಖ ನೋಡಲಾರದೆ ಇವತ್ತು ಆಫೀಸಿನಲ್ಲಿ ಸೂತ್ರ ಹಾಕಿ ನೋಡಿದೆ. 24 ಬಂತು! ಮನೆಗೆ ಬಂದವಳೇ "ನಿಂದೇ ಸರಿ ಕಣೇ, ನಾಳೆ ನಾನೇ ಬಂದು ಕೇಳ್ತೀನಿ" ಅಂದುಬಿಟ್ಟೆ. ಅಷ್ಟರಲ್ಲಿ ನಮ್ಮನೆಯವರು ಫೋನಿನ ಕ್ಯಾಲ್ಕುಲೇಟರ್ ಒತ್ತಿ "6 ಬರ್ತಿದೆಯಲ್ಲೇ" ಅಂದರು. ಈಗ ನಾನು ಮಗಳು ಒಂದು ಕಡೆ, ಅವರು ಮೇಷ್ಟ್ರು ಇನ್ನೊಂದು ಕಡೆ. ಸಾರು ಆರಿ ತಣ್ಣಗಾಯ್ತು. ಯಾರಾದರೂ ಬಿಡಿಸಿ ಹೇಳ್ತೀರಾ?

ಹಿಂದಿನ_ಬೆಂಚು · 8:49

24 ಸರಿ ಅಕ್ಕ. ಮೈನಸ್ ಇಂಟು ಮೈನಸ್ ಪ್ಲಸ್. ಮೂರರ ವರ್ಗ ಒಂಬತ್ತು. ಇದರಲ್ಲಿ ಯೋಚನೆ ಮಾಡೋದು ಏನಿದೆ? ನಾಳೆ ಹೋಗಿ ಒಂದೂವರೆ ಅಂಕ ವಸೂಲಿ ಮಾಡಿಕೊಂಡು ಬನ್ನಿ.

ಪಿಯು_ಎರಡು · 8:51

6. ವರ್ಗ ಮೊದಲು, ಮೈನಸ್ ಆಮೇಲೆ. ಹೋಗಬೇಡಿ ಆಂಟಿ ಪ್ಲೀಸ್ 😅

ಹಿಂದಿನ_ಬೆಂಚು · 8:53

ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳ್ತಾ?

ಧಾರವಾಡ_ಮಾಸ್ತರ · 9:20

ಅಕ್ಕಾರ, ಮದಲ ಹುಡುಗಿಗೆ ಬೈಬ್ಯಾಡ್ರಿ. ಮೂವತ್ತ ವರ್ಷ ಹೈಸ್ಕೂಲಿನ್ಯಾಗ ಗಣಿತ ಕಲಿಸೇನಿ. ಪ್ರತಿ ವರ್ಷ ಅರ್ಧ ಕ್ಲಾಸ್ ಇದ ತಪ್ಪು ಮಾಡ್ತಿತ್ತು, ಪೈಲಾ ನಂಬರ್ ಬರೂ ಹುಡುಗರೂ ಮಾಡ್ತಿದ್ರು. ಉತ್ತರ 6 ಅದ. ನಿಮ್ಮ ಶಾಲಿ ಮಾಸ್ತರು ಬರೋಬ್ಬರಿ ತಿದ್ದ್ಯಾರ. ಅರ್ಧ ಅಂಕ ಯಾಕ ಕೊಟ್ಟಾರ ಅಂದ್ರ, −4 × −3 = 12 ಅಂತ ಆಕಿ ಸರಿ ಬರದಾಳ, ಅದಕ್ಕ.

ಆಕಿ ಬರದ ಮದಲನೇ ಸಾಲು ನೋಡ್ರಿ: −−3². ಲೆಕ್ಕ ಕೆಟ್ಟದ್ದು 9ರ ಹತ್ರ ಅಲ್ಲ, ಅಲ್ಲೇ. ಎರಡು ಮೈನಸ್ ಮಗ್ಗಲಕ್ಕ ಮಗ್ಗಲ ಕುಂತ್ವು ಅಂದ್ರ ಯಾವ ಹುಡುಗರೂ ಬಿಡಂಗಿಲ್ಲ. "ಮೈನಸ್ ಮೈನಸ್ ಪ್ಲಸ್" ಅಂತ ಮಂತ್ರ ಹೇಳಿ ಎರಡನ್ನೂ ನುಂಗಿಬಿಡ್ತಾರ. ಆದ್ರ ಆ ಎರಡು ಮೈನಸ್ ಒಂದ ಮನಿಯವು ಅಲ್ರೀ. ಹೊರಗಿಂದು ಬಹುಪದೋಕ್ತಿದು, ಅಂದ್ರ ಕೊಟ್ಟ ಪ(ಕ್ಷ)ದ್ದು, ಕ್ಷ ಏನರ ಇರಲಿ ಅದು ಅಲ್ಲೇ ಇರತದ. ಒಳಗಿಂದು 3ರ ಸಂಗಾಟ ಬಂದದ್ದು. ವರ್ಗದ 2 ತಲಿ ಮ್ಯಾಲೆ ಕುಂತದ್ದು ಕ್ಷ ಒಬ್ಬನ ಮ್ಯಾಲೆ. ಅಂದ್ರ −3 ಇಡಿಯಾಗಿ ವರ್ಗ ಆಗಬೇಕು, ಹೊರಗಿನ ಮೈನಸ್ ಹೊರಗ ನಿಂತು ಕಾಯಬೇಕು.

ನಾ ಹಲಗಿ ಮ್ಯಾಲೆ ಹಿಂಗ ಮಾಡ್ತಿದ್ದೆ. ಲೆಕ್ಕ ಬರದು, ಕ್ಷ ಇದ್ದಲ್ಲೆಲ್ಲಾ ಒರಿಸಿ ಖಾಲಿ ಕಂಸ ಹಾಕೂದು:

−( )² − 4( ) + 3

ಸಂಖ್ಯಾ ಇನ್ನೂ ಬರೀಬಾರದು. ಖಡು ಕೆಳಗ ಇಟ್ಟು ಕ್ಲಾಸಿಗೆ ಕೇಳೂದು: ಕ್ಷ ಎಷ್ಟು ಇದ್ದವು? ಎರಡು. ಕಂಸ ಎಷ್ಟು ಅದಾವ? ಎರಡು. ಸರಿ. ಆಮ್ಯಾಲೆ ತುಂಬೂದು:

−(−3)² − 4(−3) + 3
= −9 + 12 + 3
= 6

ಈಗ ಹೇಳ್ರಿ, ಎರಡು ಮೈನಸ್ ಒಂದಕ್ಕೊಂದು ಮುಟ್ಟಿದ್ವೇನು? ನಡುವ ಗೋಡಿ ಬಂತು.

ಹಿಂದಿನ_ಬೆಂಚು · 9:24

ಕಂಸ ಅಂದ್ರೆ ಬ್ರ್ಯಾಕೆಟ್ ತಾನೇ ಸರ್? ನಾನು ಕೃಷ್ಣನ ಮಾವ ಅಂದ್ಕೊಂಡು ಎರಡು ಸಲ ಓದಿದೆ.

ಧಾರವಾಡ_ಮಾಸ್ತರ · 9:26

ಹೌದಪಾ, ನಿಮ್ಮ ಕಡೆ ಆವರಣ ಅಂತಾರ. ಮಾವ ಆದ್ರೂ ಅಡ್ಡಿ ಇಲ್ಲ, ಒಳಗ ಹಾಕಿದವರನ್ನ ಬಿಡಂಗಿಲ್ಲ.

ತುಂಗಾತೀರ · 9:38

ಸರ್, ತುಂಬಾ ಥ್ಯಾಂಕ್ಸ್. ಖಾಲಿ ಕಂಸ ಹಾಕಿ ಮಗಳಿಗೆ ತೋರಿಸಿದೆ, ನೋಡಿದ ತಕ್ಷಣ "ಓ" ಅಂದಳು. ಅವಳಿಗೆ ಅರ್ಥ ಆಯ್ತು, ನನಗೆ ಆಗಿಲ್ಲ. ಆಫೀಸಿನಲ್ಲಿ ನಾನು ಎರಡು ಮೈನಸ್ ಪಕ್ಕಪಕ್ಕ ಬರೆದೇ ಇಲ್ಲ. ಒಂದು ಸೆಲ್‌ನಲ್ಲಿ −3 ಇಟ್ಟು, ಪಕ್ಕದಲ್ಲಿ ಸೂತ್ರ ಹಾಕಿದ್ದು. ಮಗಳ ತಪ್ಪೇ ಯಂತ್ರಕ್ಕೂ ಆಗುತ್ತಾ? ಇಷ್ಟು ವರ್ಷ ನಾನು ಅದರ ಮೇಲೆ ನಂಬಿಕೆ ಇಟ್ಟು ಎಷ್ಟು ಲೆಕ್ಕ ಮುಗಿಸಿದ್ದೀನೋ, ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತೆ.

ಮಧ್ಯರಾತ್ರಿ_ಕೋಡು · 9:55

ಅಕ್ಕ, ಸೂತ್ರ ಎಕ್ಸಾಕ್ಟ್ ಆಗಿ ಹೇಗೆ ಟೈಪ್ ಮಾಡಿದ್ರಿ? ಒಂದು ಚಿಹ್ನೆಯೂ ಬಿಡದೆ ಹಾಕಿ.

ತುಂಗಾತೀರ · 10:02

=-ಎ1^2-4*ಎ1+3

ಎ1ರಲ್ಲಿ −3 ಇತ್ತು. (^ ಅಂದ್ರೆ ಘಾತ, ^2 ಅಂದ್ರೆ ವರ್ಗ; * ಅಂದ್ರೆ ಗುಣಾಕಾರ.)

ಮಧ್ಯರಾತ್ರಿ_ಕೋಡು · 10:31

ಅಂದುಕೊಂಡಿದ್ದೇ ಆಯ್ತು. ಇದನ್ನು ಸ್ವಲ್ಪ ಉದ್ದವಾಗಿ ಬರೀತೀನಿ, ಯಾಕಂದ್ರೆ ಇದು ಗೊತ್ತಿಲ್ಲದೆ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ.

ಮೈನಸ್ ಚಿಹ್ನೆಗೆ ಎರಡು ಕೆಲಸ ಇದೆ. ಒಂದು, ಎರಡರ ನಡುವೆ ನಿಂತು ಕಳೆಯೋದು: 7 − 4. ಇನ್ನೊಂದು, ಒಂದರ ಹಿಂದೆ ನಿಂತು ಅದರ ಗುರುತು ತಿರುಗಿಸೋದು: −4. ಕಾಗದದ ಮೇಲೆ ನಾವು ಎರಡಕ್ಕೂ ಒಂದೇ ಗೆರೆ ಎಳೀತೀವಿ. ಬೋಡ್‌ಮಾಸ್ ಅಂತ ಶಾಲೆಯಲ್ಲಿ ಉರು ಹೊಡೆದದ್ದು ಮೊದಲನೆಯದರ ಬಗ್ಗೆ. ಹಿಂದೆ ನಿಲ್ಲೋ ಮೈನಸ್ ಘಾತಕ್ಕಿಂತ ಮೊದಲೋ ಆಮೇಲೋ ಅನ್ನೋದನ್ನ ಆ ಪದ ಹೇಳೋದೇ ಇಲ್ಲ.

ಗಣಿತದವರು ತೀರ್ಮಾನ ಮಾಡಿಕೊಂಡಿದ್ದಾರೆ: ಘಾತ ಮೊದಲು. ಅದಕ್ಕೇ −ಕ್ಷ² ಅಂದರೆ −(ಕ್ಷ²). ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಮಾತ್ರ ಬೇರೆ ದಾರಿ ಹಿಡಿದಿವೆ: ಹಿಂದೆ ನಿಂತ ಮೈನಸ್ ಮೊದಲು, ಘಾತ ಆಮೇಲೆ. ಇದು ದೋಷ ಅಲ್ಲ, ಎಕ್ಸೆಲ್‌ನ ಕೈಪಿಡಿಯಲ್ಲಿ ಚಿಹ್ನೆಗಳ ಆದ್ಯತೆಯ ಪಟ್ಟಿಯಲ್ಲೇ ಹಾಗೆ ಬರೆದಿದೆ. ನಾವು ಯಾರೂ ಓದಲ್ಲ ಅಷ್ಟೇ. ಖಾಲಿ ಸೆಲ್‌ನಲ್ಲಿ =-3^2 ಅಂತ ಹೊಡೆದು ನೋಡಿ, 9 ಬರುತ್ತೆ. =0-3^2 ಹೊಡೆಯಿರಿ, −9 ಬರುತ್ತೆ. ಎಡಗಡೆ ಒಂದು ಸೊನ್ನೆ ಸೇರಿದ ಕೂಡಲೇ ಅದೇ ಮೈನಸ್ ಕಳೆಯೋ ಮೈನಸ್ ಆಗಿ, ಕ್ಯೂನಲ್ಲಿ ಹಿಂದಕ್ಕೆ ಹೋಯ್ತು.

ನಿಮ್ಮ ಸೂತ್ರದಲ್ಲಿ ಅದು ಎ1 ತಗೊಂಡು ಮೊದಲು ಗುರುತು ತಿರುಗಿಸ್ತು, 3 ಆಯ್ತು. ವರ್ಗ ಮಾಡ್ತು, 9. ಆಮೇಲೆ 12, 3. ಒಟ್ಟು 24. ಇದನ್ನೇ =3-4*ಎ1-ಎ1^2 ಅಂತ ತಿರುಗಿಸಿ ಬರೆದಿದ್ದರೆ 6 ಬರ್ತಿತ್ತು. ಬಹುಪದೋಕ್ತಿ ಒಂದೇ, ಪದಗಳ ಕ್ರಮ ಮಾತ್ರ ಬೇರೆ!

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ -3**2 ಕೊಟ್ಟರೆ (ಅಲ್ಲಿ ** ಅಂದ್ರೆ ಘಾತ) −9, ಅಂದರೆ ಗಣಿತದವರ ಪಕ್ಷ. ಜಾವಾಸ್ಕ್ರಿಪ್ಟ್ ಅನ್ನೋ ಇನ್ನೊಂದು ಭಾಷೆ ಇನ್ನೂ ಮಜ. ಅದು ಉತ್ತರವನ್ನೇ ಕೊಡಲ್ಲ, ವಾಕ್ಯ ತಪ್ಪು ಅಂತ ಮುಖಕ್ಕೆ ಹೊಡೆಯುತ್ತೆ. ಕಂಸ ಹಾಕಿ ಯಾವುದು ಬೇಕು ಅಂತ ನೀವೇ ಹೇಳಬೇಕು. ನನ್ನ ಪ್ರಕಾರ ಮೂರರಲ್ಲಿ ಅದೇ ಸಭ್ಯ ವರ್ತನೆ.

ಹೊಟ್ಟೆ ಕಿವುಚೋದು ಬೇಡ. −5ಕ್ಷ² ಥರದ್ದು ಇದ್ದರೆ ಎಕ್ಸೆಲ್ ಸರಿಯಾಗಿಯೇ ಲೆಕ್ಕ ಹಾಕುತ್ತೆ, ಯಾಕಂದ್ರೆ =-5*ಎ1^2 ನಲ್ಲಿ ಮೈನಸ್ ಅಂಟೋದು 5ಕ್ಕೆ, ಎ1ಕ್ಕಲ್ಲ. ಸಹಗುಣಕ, ಅಂದರೆ ಕ್ಷ² ಗೆ ಅಂಟಿದ ಸಂಖ್ಯೆ, ಬರೀ −1 ಆಗಿ, ಆ 1 ಅನ್ನು ನಾವು ಬರೆಯದೇ ಬಿಟ್ಟಾಗ ಮಾತ್ರ ಅಪಾಯ. =-1*ಎ1^2-4*ಎ1+3 ಅಂತ ಹಾಕಿ, 6 ಬರುತ್ತೆ.

ಧಾರವಾಡ_ಮಾಸ್ತರ · 10:40

ಶಭಾಷ್! ಕಾಣದ ಒಂದು. ನಾನೂ ಇದನ್ನ ಹೇಳಬೇಕು ಅಂತಿದ್ದೆ, ಬಿಟ್ಟೆ. ಹುಡುಗರಿಗೆ −ಕ್ಷ² ದ ಸಹಗುಣಕ ಎಷ್ಟು ಅಂತ ಕೇಳಿದ್ರ "ಇಲ್ಲ ಸರ್" ಅಂತಿದ್ರು. ಇಲ್ಲ ಅಂದ್ರ ಸೊನ್ನೆ ಆಗತದ, ಪದಾನ ಹೋಗತದ!

ಅಡಕೆ_ತೋಟ · 10:58

ಎಲ್ಲಾ ಓದಿದೆ. ಬೇಜಾರು ಮಾಡ್ಕೋಬೇಡಿ, ಒಂದು ಪ್ರಶ್ನೆ. ಕ್ಷ ಗೆ −3 ಹಾಕಿ 6 ತೆಗೆದು ಯಾರಿಗೆ ಏನಾಗಬೇಕು? ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತೈದು ವರ್ಷ ಆಯ್ತು, ತೋಟದಲ್ಲಿ ಒಂದು ದಿನವೂ ಕ್ಷ ಸಿಕ್ಕಿಲ್ಲ.

ಮಧ್ಯರಾತ್ರಿ_ಕೋಡು · 11:04

ತೋಟದಲ್ಲಿ ಬಾವಿ ಇದೆಯಾ?

ಅಡಕೆ_ತೋಟ · 11:05

ಇದೆ. ಅಜ್ಜನ ಕಾಲದ್ದು.

ಮಧ್ಯರಾತ್ರಿ_ಕೋಡು · 11:16

ನೀರು ಎಷ್ಟು ಕೆಳಗಿದೆ ಅಂತ ಹಗ್ಗ ಇಲ್ಲದೆ ನೋಡಬಹುದು. ಒಂದು ಕಲ್ಲು ಬಿಡಿ. ಎಸೆಯಬಾರದು, ಸುಮ್ಮನೆ ಕೈ ಬಿಡಬೇಕು. "ಬುಳುಕ್" ಅನ್ನೋವರೆಗೆ ಎಷ್ಟು ಸೆಕೆಂಡ್ ಅಂತ ಫೋನಿನಲ್ಲಿ ನೋಡಿ. ಆ ಸೆಕೆಂಡನ್ನ ವರ್ಗ ಮಾಡಿ 4.9ರಿಂದ ಗುಣಿಸಿದರೆ ಆಳ ಮೀಟರಿನಲ್ಲಿ. 2 ಸೆಕೆಂಡ್ ಆದರೆ 4.9 × 4 = 19.6 ಮೀಟರ್, ಸುಮಾರು 64 ಅಡಿ. 3 ಸೆಕೆಂಡ್ ಆದರೆ 4.9 × 9 = 44.1 ಮೀಟರ್, 145 ಅಡಿ ಹತ್ತಿರ. ಸಮಯ ಒಂದೂವರೆ ಪಟ್ಟಾದರೆ ಆಳ ಎರಡು ಪಟ್ಟು ದಾಟಿತು, ನೋಡಿ. ಸದ್ದು ಮೇಲೆ ಬರೋಕೂ ಚೂರು ಹೊತ್ತು ಬೇಕು, ಬರೀ ಅಂದಾಜಿಗಾದರೆ ಅದನ್ನ ಲೆಕ್ಕಕ್ಕೆ ತಗೊಳ್ಳದಿದ್ದರೂ ನಡೆಯುತ್ತೆ.

ನೀವು ಮಾಡೋದು ಅದೇ: ವರ್ಗ ಇರೋ ಒಂದು ಸೂತ್ರಕ್ಕೆ ಒಂದು ಬೆಲೆ ಹಾಕಿ ಇನ್ನೊಂದು ಬೆಲೆ ತೆಗೆಯೋದು.

ಅಡಕೆ_ತೋಟ · 11:20

ಬೆಳಿಗ್ಗೆ ನೋಡ್ತೀನಿ. ಆದ್ರೂ ಸೆಕೆಂಡಿಗೆ ಮೈನಸ್ ಬರಲ್ವಲ್ಲ.

ಪಿಯು_ಎರಡು · 11:27

ಹಾಕುವ ಬೆಲೆ ಮೈನಸ್ ಬರದಿದ್ದರೂ ಬರುವ ಉತ್ತರ ಮೈನಸ್ ಆಗಬಹುದು ಅಣ್ಣ. ಟೆರೇಸಿನ ಅಂಚಿನಿಂದ ಚೆಂಡನ್ನ ನೆಟ್ಟಗೆ ಮೇಲಕ್ಕೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದರೆ ಎತ್ತರ ಸುಮಾರು 20ಸ − 5ಸ² (ಗುರುತ್ವ 10 ಅಂತ ಇಟ್ಟುಕೊಂಡು, ಸ ಅಂದ್ರೆ ಸೆಕೆಂಡು). ಸ = 2 ಹಾಕಿ, 40 − 20 = 20. ಸ = 4 ಹಾಕಿ, 80 − 80 = 0, ವಾಪಸ್ ಕೈ ಮಟ್ಟಕ್ಕೆ ಬಂತು. ಸ = 5 ಹಾಕಿ, 100 − 125 = −25. ಮೈನಸ್ ಅಂದ್ರೆ ಟೆರೇಸಿಗಿಂತ 25 ಮೀಟರ್ ಕೆಳಗೆ. ನಿಮ್ಮದು ಎರಡು ಮಹಡಿ ಮನೆ ಆದ್ರೆ ಅಷ್ಟು ಹೊತ್ತಿಗೆ ಚೆಂಡು ಪಕ್ಕದ ಮನೆಯವರ ಕೈಯಲ್ಲಿರುತ್ತೆ.

ಓಲೆಗರಿ · ಮರುದಿನ ಬೆಳಿಗ್ಗೆ 6:35

ರಾತ್ರಿ ಮಲಗಿಬಿಟ್ಟಿದ್ದೆ, ಒಳ್ಳೇ ಚರ್ಚೆ ತಪ್ಪಿಹೋಯಿತು. ಆ "ಕಾಣದ ಒಂದು" ವಿಷಯಕ್ಕೆ ಒಂದು ಮಾತು ಸೇರಿಸಬೇಕು.

ಭಾಸ್ಕರಾಚಾರ್ಯರ ಬೀಜಗಣಿತ ಹನ್ನೆರಡನೇ ಶತಮಾನದ್ದು. (ಅವರು ನಮ್ಮ ವಿಜಯಪುರದವರು ಅನ್ನುವವರಿದ್ದಾರೆ, ಮಹಾರಾಷ್ಟ್ರದ ಕಡೆಯವರು ಅನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ತೆಗೆಯಬೇಡಿ, ಅದಕ್ಕೇ ಬೇರೆ ಚರ್ಚೆ ಬೇಕು.) ಅದರಲ್ಲಿ ಗೊತ್ತಿಲ್ಲದ ಬೆಲೆಗೆ ಯಾವತ್ತಾವತ್ ಅಂತ ಹೆಸರು. "ಎಷ್ಟೋ ಅಷ್ಟು" ಅಂತ ಅರ್ಥ. ಬರೆಯುವಾಗ ಬರೀ "ಯಾ". ಅದರ ವರ್ಗಕ್ಕೆ "ಯಾವ", ಅಂದರೆ ಯಾವತ್ತಾವತ್ತಿನ ವರ್ಗ. ಬಿಡಿ ಸಂಖ್ಯೆಗೆ "ರೂ", ರೂಪ. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದರೆ ಕಾಲಕ, ನೀಲಕ ಅಂತ ಬಣ್ಣದ ಹೆಸರುಗಳು.

ಋಣ ಸಂಖ್ಯೆಯನ್ನು ತೋರಿಸಲು ಅವರು ಮುಂದೆ ಗೆರೆ ಎಳೆಯುತ್ತಿರಲಿಲ್ಲ, ಸಂಖ್ಯೆಯ ತಲೆಯ ಮೇಲೆ ಚುಕ್ಕಿ ಇಡುತ್ತಿದ್ದರು. ಸಹಗುಣಕ ಒಂದಾದರೂ ಬಿಡದೆ ಬರೆಯುತ್ತಿದ್ದರು, "ಯಾ 1 ರೂ 1" ಅಂತ. ಈ ಲೆಕ್ಕವನ್ನು ಆ ರೀತಿಯಲ್ಲಿ ಬರೆದರೆ ಹೀಗಿರುತ್ತದೆ:

ಯಾವ 1 (ತಲೆ ಮೇಲೆ ಚುಕ್ಕಿ) ಯಾ 4 (ತಲೆ ಮೇಲೆ ಚುಕ್ಕಿ) ರೂ 3

ಇದನ್ನು ಓದಿಕೊಂಡು ಯಾ ಅಂದರೆ ಋಣ 3 ಅಂತ ಹಾಕಲು ಹೋದರೆ ಮಗಳ ತಪ್ಪು ಮಾಡುವುದಕ್ಕೇ ಜಾಗವಿಲ್ಲ. ಹೊರಗಿನ ಋಣ 1ರ ತಲೆಯ ಮೇಲಿದೆ, ಒಳಗಿನ ಋಣ 3ರ ತಲೆಯ ಮೇಲಿದೆ. ಎರಡು ಗೆರೆಗಳು ಪಕ್ಕಪಕ್ಕ ಬರುವ ಪ್ರಸಂಗವೇ ಇಲ್ಲ. ನಾವು 1 ಅನ್ನು ಅಳಿಸಿ ಬರವಣಿಗೆ ಉಳಿಸಿದೆವು, ಅದರ ಬೆಲೆ ಈ ತಾಯಿ ಮಗಳು ತೆತ್ತರು.

ಋಣದ ವರ್ಗ ಧನವೇ ಅನ್ನುವ ನಿಯಮ ಇನ್ನೂ ಹಳೆಯದು. ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ, ಋಣ, ಶೂನ್ಯ ಮೂರನ್ನೂ ಕೂಡುವ, ಗುಣಿಸುವ ನಿಯಮಗಳಿವೆ. ಋಣ ಅಂದರೆ ಸಾಲ ತಾನೇ? −(−3)² ಅಂದರೆ 9ರ ಸಾಲ ಅಂತ ಓದಿ. 9 ಹೇಗೆ ಬಂತು ಅನ್ನೋದು ಸಾಲ ಕೊಟ್ಟವನಿಗೆ ಬೇಕಿಲ್ಲ.

ಧಾರವಾಡ_ಮಾಸ್ತರ · 7:10

ಚುಕ್ಕಿ ವಿಷಯ ಕೇಳಿ ಬಾಳ ಖುಷಿ ಆತ್ರಿ. ಇದನ್ನ ನೌಕರಿಯೊಳಗ ಇದ್ದಾಗ ಹೇಳಿದ್ರ ಹುಡುಗರಿಗೆ ತೋರಸ್ತಿದ್ದೆ.

ಹುಡುಗಿಗೆ ಇನ್ನೊಂದು ದಾರಿ ಕೊಡ್ತೇನಿ, ವರ್ಗಾನ ಮಾಡೂದು ಬ್ಯಾಡ. ಸಹಗುಣಕ ಮೂರು ಅದಾವ: −1, −4, 3. ಮದಲನೇದ್ದು ಹಂಗ ಕೆಳಗ ಇಳಸ್ರಿ: −1. ಅದನ್ನ −3ರಿಂದ ಗುಣಸ್ರಿ: 3. ಮುಂದಿನ −4ಕ್ಕ ಕೂಡಸ್ರಿ: −1. ಮತ್ತ −3ರಿಂದ ಗುಣಸ್ರಿ: 3. ಕಡೀಕಿನ 3ಕ್ಕ ಕೂಡಸ್ರಿ: 6. ಮುಗೀತು. ಎರಡು ಗುಣಾಕಾರ, ಎರಡು ಕೂಡಿಸೂದು. ಇಂಗ್ಲಂಡಿನ ಹಾರ್ನರ್ 1819ರಾಗ ಪ್ರಕಟ ಮಾಡಿದ ಲೇಖನದಿಂದ ಇದಕ್ಕ ಅವನ ಹೆಸರು ಬಂತು, ಆದ್ರ ಚೀನಾದ ಚಿನ್ ಜಿಯುಷಾವ್ 1247ರ ಪುಸ್ತಕದಾಗ ಇಂಥಾದ್ದ ಪದ್ಧತಿ ಬಳಸ್ಯಾನ.

ಇದರಾಗ ಪುಕ್ಕಟೆ ಲಾಭ ಒಂದದ. ನಡುವ ಬಂದ −1, −1 ಅದಾವಲ್ಲ, ಅವು ಸುಮ್ಮನ ಬಂದದ್ದಲ್ಲ. ಬಹುಪದೋಕ್ತಿನ್ನ (ಕ್ಷ + 3) ರಿಂದ ಭಾಗಿಸಿದ್ರ ಭಾಗಲಬ್ಧ −ಕ್ಷ − 1, ಶೇಷ 6. ಶೇಷ ಪ್ರಮೇಯ ಅಂದ್ರ ಇದ. ಉದ್ದಕ ಭಾಗಾಕಾರ ಮಾಡಿ ತಾಳೆ ನೋಡ್ರಿ ಬೇಕಾದ್ರ.

ಮಧ್ಯರಾತ್ರಿ_ಕೋಡು · 8:20

ಇದನ್ನೇ ಅಕ್ಕನ ಸ್ಪ್ರೆಡ್‌ಶೀಟಿಗೆ ಹಾಕಿದರೆ =(-ಎ1-4)*ಎ1+3. ಘಾತದ ಚಿಹ್ನೆಯೇ ಇಲ್ಲ, ಆದ್ದರಿಂದ ಯಾವ ಯಂತ್ರದಲ್ಲೂ ಜಗಳ ಇಲ್ಲ. 6 ಬರುತ್ತೆ.

ತುಂಗಾತೀರ · ಮಧ್ಯಾಹ್ನ 1:45

ಊಟದ ಬಿಡುವಿನಲ್ಲಿ ಬರೀತಿದ್ದೀನಿ. ಬೆಳಿಗ್ಗೆ ಶಾಲೆಗೆ ಹೋಗಲಿಲ್ಲ. ಮೇಷ್ಟ್ರಿಗೆ ಕೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದನ್ನ ಹರಿದು ಹಾಕಿದೆ, ಅದರಲ್ಲಿ ಏನೇನು ಬರೆದಿದ್ದೆ ಅಂತ ಕೇಳಬೇಡಿ.

ಆಫೀಸಿಗೆ ಬಂದು ಮೊದಲು ಮಾಡಿದ ಕೆಲಸ, ನನ್ನ ಹಾಳೆಗಳಲ್ಲಿ ಮೈನಸ್‌ನಿಂದ ಶುರುವಾಗುವ ಸೂತ್ರ ಹುಡುಕಿದ್ದು. ಹನ್ನೊಂದು ಸಿಕ್ಕವು. ಎದೆ ಡವಡವ. ಒಂದೊಂದೇ ತೆಗೆದು ನೋಡಿದೆ, ವರ್ಗ ಇದ್ದದ್ದು ಒಂದೂ ಇಲ್ಲ. ಎಲ್ಲಾ ಬರೀ ಕೂಡಿಸೋದು ಕಳೆಯೋದು. ಬದುಕಿದೆ.

ಮಗಳದ್ದು ಒಂದು ಪ್ರಶ್ನೆ ಇದೆ. ಅವಳು ಇವತ್ತು ಹಟ ಹಿಡಿದು ಅದೇ ಬಹುಪದೋಕ್ತಿಗೆ ಬೇರೆ ಬೇರೆ ಬೆಲೆ ಹಾಕಿದಾಳೆ. ಪ(−1) ಕೂಡ 6 ಬರ್ತಿದೆಯಂತೆ, "ಅಮ್ಮ, ಬೇರೆ ಸಂಖ್ಯೆ ಹಾಕಿದ್ರೂ ಅದೇ ಉತ್ತರ ಬಂತು, ಮತ್ತೆ ತಪ್ಪಾಯ್ತಾ?" ಅಂತ ಕೇಳಿ ಶಾಲೆಗೆ ಹೋದಳು. ನಾನು ಈ ಸಲ ಬಾಯಿ ಮುಚ್ಚಿಕೊಂಡೆ.

ಪಿಯು_ಎರಡು · 4:50

ತಪ್ಪಾಗಿಲ್ಲ! ಅವಳಿಗೆ ಹೇಳಿ, ಸಾಲಾಗಿ ಎಲ್ಲಾ ಬೆಲೆ ಹಾಕಿ ಬರೆಯೋಕೆ. ನಾನು ಬರೆದಿದ್ದೀನಿ:

ಕ್ಷ: −4, −3, −2, −1, 0, 1
ಪ(ಕ್ಷ): 3, 6, 7, 6, 3, −2

−2ರಲ್ಲಿ 7 ಶಿಖರ, ಎರಡೂ ಕಡೆ ಒಂದೇ ಥರ ಇಳಿಜಾರು. −3 ಮತ್ತು −1 ಶಿಖರದಿಂದ ಒಂದೊಂದು ಹೆಜ್ಜೆ ದೂರ, ಅದಕ್ಕೇ ಎರಡಕ್ಕೂ 6. ನಕ್ಷೆ ಬರೆದರೆ ಬಾಯಿ ಕೆಳಗೆ ಮಾಡಿದ ಪರವಲಯ, ಕವುಚಿ ಹಾಕಿದ ಬಾಣಲೆ ಥರ.

ಈಗ ಪಕ್ಕದ ಬೆಲೆಗಳ ವ್ಯತ್ಯಾಸ ತಗೊಳ್ಳಿ: 3, 1, −1, −3, −5. ಅವುಗಳ ವ್ಯತ್ಯಾಸ ಮತ್ತೆ ತಗೊಳ್ಳಿ: −2, −2, −2, −2. ವರ್ಗ ಬಹುಪದೋಕ್ತಿ ಆದರೆ ಎರಡನೇ ವ್ಯತ್ಯಾಸ ಯಾವಾಗಲೂ ಒಂದೇ, ಕ್ಷ² ದ ಸಹಗುಣಕದ ಎರಡು ಪಟ್ಟು. ಇಲ್ಲಿ 2 × (−1).

ಇದರಿಂದ ತಪ್ಪು ಹಿಡಿಯಬಹುದು. ಅವಳ ಹಳೇ ರೀತಿಯಲ್ಲಿ ಹಾಕಿದರೆ −3ಕ್ಕೆ 24, −2ಕ್ಕೆ 15, −1ಕ್ಕೆ 8, 0ಗೆ 3, 1ಕ್ಕೆ −2 (ಧನ ಸಂಖ್ಯೆಗೆ ಅವಳು ಸರಿಯಾಗೇ ಮಾಡ್ತಾಳೆ). ವ್ಯತ್ಯಾಸ −9, −7, −5, −5. ಎರಡೆರಡು ಏರುತ್ತಾ ಬಂದದ್ದು ಸೊನ್ನೆ ದಾಟಿದ ಕೂಡಲೇ ಮುಗ್ಗರಿಸಿತು. ಸೊನ್ನೆಯ ಆ ಕಡೆ ಒಂದು ಲೆಕ್ಕ, ಈ ಕಡೆ ಇನ್ನೊಂದು ಲೆಕ್ಕ ನಡೆದಿದೆ ಅಂತ ಕಣ್ಣಿಗೇ ಕಾಣುತ್ತೆ.

ಮಧ್ಯರಾತ್ರಿ_ಕೋಡು · 5:30

ಇದು ಚೆನ್ನಾಗಿದೆ. ಆದರೆ ನೋಡು, ಅಕ್ಕನ ಸೂತ್ರ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತೆ. ಅದು −3ರಿಂದ 1ರವರೆಗೆ ಕೊಡೋದು 24, 15, 8, 3, 0. ವ್ಯತ್ಯಾಸ −9, −7, −5, −3. ಎರಡನೇ ವ್ಯತ್ಯಾಸ 2, 2, 2. ಒಂದು ಚೂರೂ ಮುಗ್ಗರಿಸಲ್ಲ! ಯಾಕಂದ್ರೆ ಯಂತ್ರ ಲೆಕ್ಕ ತಪ್ಪಲಿಲ್ಲ, ಬೇರೆ ಬಹುಪದೋಕ್ತಿಯನ್ನೇ ಲೆಕ್ಕ ಹಾಕ್ತು: ಕ್ಷ² − 4ಕ್ಷ + 3. ಹಿಡಿಯೋಕೆ ಒಂದೇ ಸುಳಿವು, ಎರಡನೇ ವ್ಯತ್ಯಾಸ −2 ಇರಬೇಕಾದಲ್ಲಿ +2 ಇದೆ. ನಕ್ಷೆ ತೆಗೆದರೆ ಬಾಣಲೆ ಕವುಚಿಲ್ಲ, ಒಲೆ ಮೇಲೆ ಕೂತಿರುತ್ತೆ.

ಮಗಳ ತಪ್ಪನ್ನ ಮೇಷ್ಟ್ರು ಒಂದು ನೋಟದಲ್ಲಿ ಹಿಡಿದರು. ಈ ಥರದ್ದು ವರ್ಷಗಟ್ಟಲೆ ಹಾಳೆಯಲ್ಲಿ ಕೂತಿರುತ್ತೆ. ನನ್ನದು ಒಂದು ಕಡೆ ಹೀಗೇ ಕೂತಿತ್ತು, ಅಷ್ಟೇ ಹೇಳ್ತೀನಿ.

ಪಿಯು_ಎರಡು · 5:48

ವಾವ್. ಇದು ಹೊಳೆದಿರಲಿಲ್ಲ.

ವ್ಯತ್ಯಾಸದ ವಿಷಯ ಬಂತು ಅಂತ ಹೇಳ್ತೀನಿ. ಚಾರ್ಲ್ಸ್ ಬ್ಯಾಬೇಜ್ 1822ರಲ್ಲಿ ತೋರಿಸಿದ ಸಣ್ಣ ಮಾದರಿ ಯಂತ್ರ ಬೆಲೆಗಳನ್ನ ಹೀಗೇ ತೆಗೀತಿತ್ತು, ಬರೀ ಕೂಡಿಸಿ ಕೂಡಿಸಿ. ಅದಕ್ಕೆ ಕೊಟ್ಟ ಬಹುಪದೋಕ್ತಿ ಕ್ಷ² + ಕ್ಷ + 41. ಸೊನ್ನೆಯಿಂದ ಹಾಕ್ತಾ ಹೋಗಿ: 41, 43, 47, 53, 61, 71. ವ್ಯತ್ಯಾಸ 2, 4, 6, 8, 10. ಗುಣಾಕಾರವೇ ಬೇಡ. ಆಯ್ಲರ್ ಹೆಸರಿನಲ್ಲಿ ಪ್ರಸಿದ್ಧವಾದ ಬಹುಪದೋಕ್ತಿ ಇದು. 0ಯಿಂದ 39ರವರೆಗೆ ಯಾವ ಬೆಲೆ ಹಾಕಿದ್ರೂ ಬರೋದು ಅವಿಭಾಜ್ಯ ಸಂಖ್ಯೆಯೇ!

ಅಡಕೆ_ತೋಟ · 6:15

40 ಹಾಕಿದ್ರೆ?

ಪಿಯು_ಎರಡು · 6:17

ನೀವೇ ಹಾಕಿ ಅಣ್ಣ 🙂

ಅಡಕೆ_ತೋಟ · 6:33

1600 + 40 + 41 = 1681. ಯಾವುದರಿಂದ ಭಾಗ ಹೋಗುತ್ತೆ ಅಂತ 3ರಿಂದ ಶುರು ಮಾಡಿ ಸುಸ್ತಾಗಿ ಬಿಡೋಣ ಅಂತಿದ್ದೆ. 41 × 41! ನಲವತ್ತು ಸಲ ನಂಬಿಸಿ ಕೊನೆಗೆ ಕೈ ಕೊಡ್ತಲ್ಲ ಮಾರಾಯ.

ಅಂದ ಹಾಗೆ ಬೆಳಿಗ್ಗೆ ಬಾವಿಗೆ ಕಲ್ಲು ಬಿಟ್ಟೆ. ಮೂರು ಸಲ ಬಿಟ್ಟೆ. 1.4, 1.5, 1.4 ಸೆಕೆಂಡ್. 1.4ರ ವರ್ಗ 1.96, ಗುಣಿಸು 4.9, ಒಂಬತ್ತೂವರೆ ಮೀಟರಿಗೆ ಸ್ವಲ್ಪ ಮೇಲೆ. ಹಗ್ಗ ಬಿಟ್ಟು ಅಳೆದೆ, 31 ಅಡಿ. ಇಲ್ಲಿ ಬಂದು ಒಪ್ಪಿಕೊಳ್ಳೋಕೆ ಸ್ವಲ್ಪ ಕಷ್ಟ ಆಗ್ತಿದೆ, ಆದ್ರೂ ಹೇಳ್ತಿದ್ದೀನಿ. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ "ಏನಾಗಿದೆ ನಿಮಗೆ" ಅಂದಳು.

ತುಂಗಾತೀರ · ರಾತ್ರಿ 8:05

ಮಗಳು ಶಾಲೆಯಿಂದ ಬಂದು ಎಲ್ಲಾ ಓದಿದಳು. ಮೇಷ್ಟ್ರ ಹತ್ತಿರ ಖಾಲಿ ಕಂಸದ ವಿಷಯ ಹೇಳಿದಳಂತೆ. ಅವರು "ನಾನೂ ಇದನ್ನೇ ಹೇಳಿದ್ದೆ, ನೀನು ಆ ದಿನ ಕಿಟಕಿ ಆಚೆ ನೋಡ್ತಿದ್ದೆ" ಅಂದರಂತೆ. ಅರ್ಧ ಅಂಕ ಅರ್ಧವಾಗಿಯೇ ಉಳಿಯಿತು.

ಈಗ ಅವಳು ನಿಮಗೆಲ್ಲಾ ಒಂದು ಲೆಕ್ಕ ಕೊಟ್ಟಿದ್ದಾಳೆ: ಪಟ್ಟಿಯಲ್ಲಿ ಪ(1) = −2 ಇದೆ. ಹಾಗಾದರೆ ಯಾವ ಕೂಡಿಸೋದು ಗುಣಿಸೋದೂ ಇಲ್ಲದೆ ಪ(−5) ಎಷ್ಟು ಹೇಳಿ ಅಂತೆ. ಮಾಸ್ತರರು ಉತ್ತರ ಹೇಳಬಾರದಂತೆ.

ಹಿಂದಿನ_ಬೆಂಚು · 8:11

−2. ಶಿಖರ −2ರಲ್ಲಿದೆ. 1 ಅದರಿಂದ ಆ ಕಡೆ ಮೂರು ಹೆಜ್ಜೆ, −5 ಈ ಕಡೆ ಮೂರು ಹೆಜ್ಜೆ.

ನಿನ್ನೆ 24 ಅಂದವನು ನಾನೇ ಆದ್ದರಿಂದ ಕಂಸ ಹಾಕಿಯೂ ನೋಡಿದೆ:

−(−5)² − 4(−5) + 3
= −25 + 20 + 3
= −2

ಧಾರವಾಡ_ಮಾಸ್ತರ · 8:14

ಎರಡಕ್ಕ ಎರಡೂ ಅಂಕ.